ಗ್ಲೂಕೋಸ್ ಬಾಟಲಿಯೂ ದಾದಿಯ ಕಣ್ಣೂ

ಆಸ್ಪತ್ರೆಗೆ ಹೋಗಿ ರೋಗಿಯನ್ನು ನೋಡಿ ಬಂದವರೊಡನೆ ನಮ್ಮ ಕಡೆಯಲ್ಲಿ ಕೇಳುವ ಮೊದಲ ಪ್ರಶ್ನೆ, “ಗ್ಲೂಕೋಸ್ ಹಾಕಿದ್ದಾರಾ?” ಎಂಬುದು. ಹಾಕಿದ್ದಾರೆಂದರೆ ಚಿಕಿತ್ಸೆ ಚೆನ್ನಾಗಿ ನಡೆಯುತ್ತಿದೆಯೆಂಬ ಸಮಾಧಾನ. ಇಲ್ಲವೆಂದರೆ ಡಾಕ್ಟರರ ಮೇಲೆಯೇ ಸಂಶಯ. ಬೀದರ, ಬಳ್ಳಾರಿ ಕಡೆಯವರು ಇದನ್ನೇ ‘ಸಲಾಯಿನ್ ಹಚ್ಚುವುದು’ ಎನ್ನುತ್ತಾರೆ. ಮಾತು ಬೇರೆಯಾದರೂ ನಂಬಿಕೆ ಒಂದೇ.

ಈ ನಂಬಿಕೆಯ ಹಿಂದಿರುವ ಅಪಾಯವನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಬಾಯಿಯಿಂದ ನುಂಗಿದ ವಸ್ತು ಕೆಟ್ಟದ್ದಾದರೆ ಹೊಟ್ಟೆ ಅದನ್ನು ವಾಂತಿಯಾಗಿಯಾದರೂ ಹೊರಗೆ ಹಾಕೀತು. ರಕ್ತನಾಳಕ್ಕೆ ನೇರವಾಗಿ ಇಳಿದದ್ದನ್ನು ಮರಳಿ ತೆಗೆಯುವ ಉಪಾಯವಿಲ್ಲ. ಚರ್ಮವೆಂಬ ಕೋಟೆಯನ್ನು ಸೂಜಿಯಿಂದ ಭೇದಿಸಿ ಮಾಡಿದ ಬಾಗಿಲು ಅದು. ಹಗಲೂ ರಾತ್ರಿ ಆ ಬಾಗಿಲಲ್ಲಿ ಕಾವಲು ನಿಲ್ಲುವವರು ದಾದಿಯರು. ಆ ಕಾವಲು ಹೇಗಿರಬೇಕು, ಅದಕ್ಕೆ ಉಳಿದವರ ನೆರವು ಏನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಬಳ್ಳಾರಿಯ ಪಾಠ

2024ರ ನವೆಂಬರ್ 9ರಿಂದ 11ರ ವರೆಗೆ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ 34 ಮಂದಿಗೆ ಸಿಸೇರಿಯನ್ ಹೆರಿಗೆಯಾಯಿತು. ಅವರಲ್ಲಿ ಏಳು ಮಂದಿ ಬಾಣಂತಿಯರ ಸ್ಥಿತಿ ಬಿಗಡಾಯಿಸಿತು. ಮೂತ್ರಪಿಂಡಗಳು ಸೋತವು, ಒಂದೊಂದಾಗಿ ಇತರ ಅಂಗಗಳೂ ಕೈಕೊಟ್ಟವು. ಡಿಸೆಂಬರ್ ಮೊದಲ ವಾರದೊಳಗೆ ಐವರು ತೀರಿಕೊಂಡರು. ಅವರಿಗೆ ನೀಡಿದ್ದ ‘ರಿಂಗರ್ ಲ್ಯಾಕ್ಟೇಟ್’ ಎಂಬ ದ್ರಾವಣದ ಮೇಲೆ ಸಂಶಯ ಬಿತ್ತು. ಅದನ್ನು ಪೂರೈಸಿದ್ದು ಪಶ್ಚಿಮ ಬಂಗಾಳದ ಒಂದು ಕಂಪನಿ. ಕರ್ನಾಟಕ ಸರಕಾರವು ಆ ದ್ರಾವಣದ ಬಳಕೆಯನ್ನು ನಿಲ್ಲಿಸಿತು, ತನಿಖೆಗೆ ಆಜ್ಞಾಪಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತಿನಲ್ಲಿರಿಸಿತು. 2025ರ ಜನವರಿಯಲ್ಲಿ ಬಂಗಾಳದ ಮೇದಿನಿಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಸಿಸೇರಿಯನ್ ಆದ ಬಾಣಂತಿಯೊಬ್ಬಳು ಸತ್ತು ಕೆಲವರು ತೀವ್ರ ಅಸ್ವಸ್ಥರಾದಾಗ, ಅಲ್ಲಿಯೂ ಇದೇ ದ್ರಾವಣದ ಹೆಸರು ಕೇಳಿಬಂತು.

ಮಗುವನ್ನೆತ್ತಿಕೊಂಡು ತೊಟ್ಟಿಲ ಮನೆಗೆ ಮರಳಬೇಕಾದವರು ಹೆಣವಾಗಿ ಮರಳಿದರು. ಈ ಶೋಕಕ್ಕೆ ಯಾವ ಪರಿಹಾರಧನವೂ ಸಮನಲ್ಲ.

ದ್ರಾವಣದಲ್ಲಿ ದೋಷವಿದ್ದರೆ ಪಾಪ, ದಾದಿ ಏನು ಮಾಡಬಲ್ಲಳು ಎಂದು ಕೇಳಬಹುದು. ಕಣ್ಣಿಗೆ ಕಾಣುವ ದೋಷಗಳನ್ನು ಆಕೆ ತಡೆಯಬಲ್ಲಳು. ಕಣ್ಣಿಗೆ ಕಾಣದ ದೋಷವನ್ನು ಮೊದಲ ರೋಗಿಯ ಮೈಯಲ್ಲಿ ಗುರುತಿಸಿ ಹತ್ತನೆಯ ರೋಗಿಯನ್ನು ಉಳಿಸಬಲ್ಲಳು. ಸತ್ತ ರೋಗಾಣುಗಳು ಬಿಟ್ಟುಹೋಗುವ ವಿಷ, ಅಂದರೆ ಎಂಡೋಟಾಕ್ಸಿನ್, ದ್ರಾವಣದಲ್ಲಿದ್ದರೆ ನೀರು ಸ್ಫಟಿಕದಷ್ಟು ತಿಳಿಯಾಗಿಯೇ ಇರುತ್ತದೆ. ಕುದಿಸಿದರೂ ಅದು ನಾಶವಾಗದು. ಆದರೆ ಡ್ರಿಪ್ ಆರಂಭಿಸಿದ ಸ್ವಲ್ಪ ಹೊತ್ತಿನಲ್ಲಿ ರೋಗಿಗೆ ಹಠಾತ್ತಾಗಿ ಚಳಿ, ನಡುಕ, ಜ್ವರ ಬರಬಹುದು. ರಕ್ತದ ಒತ್ತಡ ಇಳಿಯಬಹುದು. ಆಗ ಮಾಡಬೇಕಾದ ಕೆಲಸ ಹೊದಿಕೆ ಹೊದಿಸಿ ಡ್ರಿಪ್ ಮುಂದುವರಿಸುವುದಲ್ಲ. ಡ್ರಿಪ್ಪನ್ನು ತತ್‌ಕ್ಷಣ ನಿಲ್ಲಿಸಿ ಡಾಕ್ಟರರನ್ನು ಕರೆಯಬೇಕು. ಬಾಟಲಿಯನ್ನೂ ಕೊಳವೆಯನ್ನೂ ಎಸೆಯದೆ ಮುಚ್ಚಿ ತೆಗೆದಿಡಬೇಕು. ಬ್ಯಾಚ್ ಸಂಖ್ಯೆಯನ್ನು ಬರೆದುಕೊಂಡು, ಅದೇ ಬ್ಯಾಚಿನ ಬಾಟಲಿಗಳನ್ನು ಉಳಿದ ರೋಗಿಗಳಿಗೆ ಹಾಕದಂತೆ ವಾರ್ಡಿನಲ್ಲಿ ಸಾರಬೇಕು.

ಪ್ರತಿಯೊಬ್ಬ ರೋಗಿಯ ಕಾಗದದಲ್ಲಿ ಆತನಿಗೆ ಏರಿಸಿದ ಬಾಟಲಿಯ ಬ್ಯಾಚ್ ಸಂಖ್ಯೆ ಇದ್ದರೆ ಮಾತ್ರ ಇದು ಸಾಧ್ಯ. ಅರ್ಧ ನಿಮಿಷದ ಈ ಬರವಣಿಗೆಯನ್ನು ದಂಡದ ಕೆಲಸವೆಂದು ತಿಳಿಯುವವರಿದ್ದಾರೆ. ಬಳ್ಳಾರಿಯ ನಂತರ ಹಾಗೆ ತಿಳಿಯಲು ಅವಕಾಶವಿಲ್ಲ. ಔಷಧದಿಂದಾದ ತೊಂದರೆಯನ್ನು ವರದಿ ಮಾಡಲು 2010ರಿಂದ ರಾಷ್ಟ್ರಮಟ್ಟದ ವ್ಯವಸ್ಥೆಯೊಂದಿದೆ. ಅದರ ಶುಲ್ಕರಹಿತ ದೂರವಾಣಿ 1800-180-3024. ಡಾಕ್ಟರರು ಮಾತ್ರವಲ್ಲ, ದಾದಿಯೂ ವರದಿ ಮಾಡಬಹುದು, ರೋಗಿಯೂ ಮಾಡಬಹುದು.

ಹಳೆಯ ಕತೆ

ರಕ್ತನಾಳಕ್ಕೆ ಉಪ್ಪುನೀರು ಕೊಡುವ ಚಿಕಿತ್ಸೆ ಹುಟ್ಟಿದ್ದು ಕಾಲರಾದ ಕಾಲದಲ್ಲಿ. ಕಾಲರಾ ರೋಗಿಯ ರಕ್ತದಲ್ಲಿ ನೀರೂ ಉಪ್ಪೂ ಬತ್ತಿಹೋಗುತ್ತವೆಂದು ತೋರಿಸಿದವನು ಒ’ಶಾನೆಸ್ಸಿ ಎಂಬ ತರುಣ ವೈದ್ಯ. ಮುಂದೆ ಕಲ್ಕತ್ತೆಗೆ ಬಂದು ಭಾರತದಲ್ಲಿ ತಂತಿ ವ್ಯವಸ್ಥೆಯನ್ನು ಕಟ್ಟಿದವನೂ ಇವನೇ. ಅವನ ಮಾತನ್ನು ಹಿಡಿದು 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯ, ಸಾವಿನಂಚಿನಲ್ಲಿದ್ದ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹಾಯಿಸಿದ.

ಮದ್ದು ಜೀವ ಉಳಿಸಿದಂತೆ ಜೀವ ತೆಗೆದದ್ದೂ ಉಂಟು. 1972ರಲ್ಲಿ ಇಂಗ್ಲೆಂಡಿನ ಪ್ಲಿಮತ್ ನಗರದ ಡೆವನ್‌ಪೋರ್ಟ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಐದು ಮಂದಿ ರೋಗಿಗಳು ಸತ್ತರು. ಕಾರಣ ಹುಡುಕಿದಾಗ ಕಂಡದ್ದು ಡೆಕ್ಸ್‌ಟ್ರೋಸ್ ಬಾಟಲಿ. ಕಾರ್ಖಾನೆಯ ಹಬೆಯಂತ್ರದಲ್ಲಿ ಕೆಳಗಿನ ಸಾಲಿನ ಬಾಟಲಿಗಳಿಗೆ ಸಾಕಷ್ಟು ಶಾಖ ತಗಲದೆ ರೋಗಾಣುಗಳು ಉಳಿದುಕೊಂಡಿದ್ದವು. ಇಂಗ್ಲೆಂಡಿನಲ್ಲಿ ನಡೆದದ್ದು ಇಲ್ಲಿ ನಡೆಯದೆಂದು ಯಾರೂ ಹೇಳಲಾರರು.

ಬಾಟಲಿ ತೂಗುಹಾಕುವ ಮೊದಲು

ದಾದಿಯ ನಿತ್ಯದ ಕೆಲಸದಲ್ಲಿ ಕೆಲವು ನಿಯಮಗಳು ಚಿಕ್ಕವಾಗಿ ಕಂಡರೂ ಪ್ರಾಣಾಧಾರವಾದವು.

ಬಾಟಲಿಯನ್ನು ಬೆಳಕಿಗೆ ಹಿಡಿದು, ತಲೆಕೆಳಗೆ ಮಾಡಿ ನೋಡಬೇಕು. ಕಸ, ಎಳೆ, ಮಬ್ಬು ಕಂಡರೆ ಬೇಡ. ಪ್ಲಾಸ್ಟಿಕ್ ಬಾಟಲಿಯನ್ನು ಅದುಮಿದಾಗ ಹನಿ ಜಿನುಗಿದರೂ ಬೇಡ. ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನ ಇವನ್ನು ಓದಬೇಕು. ಗಾಳಿಯಾಡಲೆಂದು ಪ್ಲಾಸ್ಟಿಕ್ ಬಾಟಲಿಯ ತಲೆಗೆ ಸೂಜಿ ಚುಚ್ಚುವ ಪದ್ಧತಿ ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ನಡೆದುಬಂದಿದೆ. ವಾರ್ಡಿನ ಗಾಳಿಯನ್ನೂ ಧೂಳನ್ನೂ ರಕ್ತಕ್ಕೆ ಆಹ್ವಾನಿಸುವ ಕ್ರಮವಿದು, ಬಿಡಲೇಬೇಕು.

ಕೈತೊಳೆಯುವುದು ಎಲ್ಲಕ್ಕೂ ಮೊದಲು. ಕೈಗವಸು ತೊಟ್ಟರೂ ಕೈ ತೊಳೆಯುವುದು ತಪ್ಪದು. ಚುಚ್ಚುವ ಜಾಗವನ್ನು ಸ್ಪಿರಿಟ್ ಅಥವಾ ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್‌ನಿಂದ ಉಜ್ಜಿ, ಅದು ತಾನಾಗಿ ಒಣಗುವ ತನಕ ಕಾಯಬೇಕು. ಒಣಗುವ ಹೊತ್ತಿನಲ್ಲಿಯೇ ರೋಗಾಣುಗಳು ಸಾಯುವುದು. ಊದಿ ಒಣಗಿಸುವುದಾಗಲಿ, ಉಜ್ಜಿದ ಜಾಗವನ್ನು ಮತ್ತೆ ಬೆರಳಿನಿಂದ ಮುಟ್ಟಿ ನರ ಹುಡುಕುವುದಾಗಲಿ ಮಾಡಿದ ಕೆಲಸವನ್ನೆಲ್ಲ ಕೆಡಿಸಿದಂತೆ.

ಸೂಜಿನಳಿಗೆ, ಅಂದರೆ ಕ್ಯಾನುಲಾಕ್ಕೆ, ಬಣ್ಣದ ಗುರುತಿದೆ. ಹಸಿರು 18, ಗುಲಾಬಿ 20, ನೀಲಿ 22, ಹಳದಿ 24. ಸಂಖ್ಯೆ ಏರಿದಷ್ಟೂ ನಳಿಗೆ ಸಪುರ. ಕೆಲಸಕ್ಕೆ ಸಾಲುವ ಅತಿ ಚಿಕ್ಕ ನಳಿಗೆಯೇ ಒಳ್ಳೆಯದು. ಮೊಣಕೈಯ ಮಡಿಕೆಗಿಂತ ಮುಂಗೈಯ ನರ ಲೇಸು. ಡಯಾಲಿಸಿಸ್‌ಗೆಂದು ಸಿದ್ಧಪಡಿಸಿದ ಕೈಯನ್ನಂತೂ ಮುಟ್ಟಬಾರದು. ಹಾಕಿದ ದಿನ ಮತ್ತು ಗಂಟೆಯನ್ನು ಪಟ್ಟಿಯ ಮೇಲೆ ಬರೆಯಬೇಕು. ಪ್ರತಿಯೊಂದು ಪಾಳಿಯಲ್ಲೂ ಆ ಜಾಗವನ್ನು ನೋಡಬೇಕು. ಕೆಂಪು, ಊತ, ನೋವು, ಗಟ್ಟಿಯಾದ ಹುರಿಯಂತೆ ಕೈಗೆ ಸಿಗುವ ನರ ಕಂಡರೆ ನಳಿಗೆ ತೆಗೆದು ಬೇರೆಡೆ ಹಾಕಬೇಕು. ಅಗತ್ಯ ತೀರಿದ ಮೇಲೆ “ಇರಲಿ, ಬೇಕಾದೀತು” ಎಂದು ಬಿಡುವುದು ರೋಗಾಣುವಿಗೆ ಬಾಗಿಲು ತೆರೆದಿಟ್ಟಂತೆ.

ಹನಿಯ ಲೆಕ್ಕವೂ ದಾದಿಯದೇ. ಸಾಮಾನ್ಯ ಕೊಳವೆಯಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಮಕ್ಕಳಿಗೆ ಬಳಸುವ ಸಣ್ಣ ಹನಿಯ ಕೊಳವೆಯಲ್ಲಿ 60 ಹನಿಗೆ ಒಂದು. ಕೊಳವೆಯ ಪೊಟ್ಟಣದ ಮೇಲೆ ಇದನ್ನು ಅಚ್ಚು ಹಾಕಿರುತ್ತಾರೆ. 500 ಮಿಲಿಲೀಟರನ್ನು 4 ಗಂಟೆಯಲ್ಲಿ ಕೊಡಬೇಕಿದ್ದರೆ ಒಟ್ಟು 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ಬೇಗ ಮುಗಿದರೆ ಬೇಗ ಮನೆಗೆ ಹೋಗಬಹುದೆಂದು ರೋಗಿಯ ಕಡೆಯವರು ಚಕ್ರ ತಿರುಗಿಸಿ ಹನಿ ಜೋರು ಮಾಡುವುದುಂಟು. ಹೃದಯ ದುರ್ಬಲವಾದ ಮುದುಕರಿಗೆ ಇದರಿಂದ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟೀತು. ದಯವಿಟ್ಟು ಆ ಚಕ್ರಕ್ಕೆ ಕೈಹಾಕಬೇಡಿ.

ಬೆರಕೆಯಲ್ಲೂ ಎಚ್ಚರ ಬೇಕು. ಪೊಟ್ಯಾಸಿಯಂ ಕ್ಲೋರೈಡಿನ ಸಣ್ಣ ಗಾಜಿನ ಕುಪ್ಪಿ, ಬಟ್ಟಿಯಿಳಿಸಿದ ನೀರಿನ ಕುಪ್ಪಿಯಂತೆಯೇ ಕಾಣಬಹುದು. ಅದನ್ನು ಬೆರೆಸದೆ ನೇರವಾಗಿ ನರಕ್ಕೆ ಕೊಟ್ಟರೆ ಹೃದಯ ನಿಂತೇಹೋಗುತ್ತದೆ. ಅದಕ್ಕೆ ಪ್ರತ್ಯೇಕ ಕಪಾಟು, ಕೆಂಪು ಗುರುತು, ಕೊಡುವ ಮುನ್ನ ಇನ್ನೊಬ್ಬರ ಕಣ್ಣು, ಈ ಮೂರೂ ಬೇಕು. ರಕ್ತ ಕೊಡುವ ಕೊಳವೆಯಲ್ಲಿ ಡೆಕ್ಸ್‌ಟ್ರೋಸನ್ನಾಗಲಿ ರಿಂಗರ್ ಲ್ಯಾಕ್ಟೇಟನ್ನಾಗಲಿ ಹರಿಸಬಾರದು. ಎಳೆಯ ಕೂಸುಗಳಿಗೆ ಸೆಫ್‌ಟ್ರಿಯಾಕ್ಸೋನ್ ಎಂಬ ಮದ್ದನ್ನು ಸುಣ್ಣದಂಶವಿರುವ ಯಾವ ದ್ರಾವಣದ ಜತೆಗೂ ಕೊಡಬಾರದು.

ಭಾಷೆಯೂ ಒಂದು ಔಷಧ

ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ರಾಯಿಕೋಡ್ ಬೀದರದ ಗಡಿಗೆ ಹತ್ತಿರದ ಊರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂತೆಯೇ, ಹಳೆಯ ಬೀದರ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡ, ಗುಲ್ಬರ್ಗ ಜಿಲ್ಲೆಯ ತಾಂಡೂರು ಅಂದಿನ ಆಂಧ್ರಪ್ರದೇಶಕ್ಕೆ ಸೇರಿದವು. ಆ ಸೀಮೆಯ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡವಾಗಿರುವ ಸಂಸಾರಗಳು ಇಂದಿಗೂ ಇವೆ. ಆಸ್ಪತ್ರೆಯ ಕಾಗದಪತ್ರ ಮಾತ್ರ ತೆಲುಗು ಇಲ್ಲವೆ ಇಂಗ್ಲಿಷಿನದು. ನಮ್ಮಲ್ಲಿ ತೆಲುಗಿನ ಜಾಗದಲ್ಲಿ ಮಲಯಾಳವಿದೆ, ಅಷ್ಟೇ ವ್ಯತ್ಯಾಸ.

ಗಡಿನಾಡಿನ ರೋಗಿಗೆ ಇದು ಅಭಿಮಾನದ ಮಾತಲ್ಲ, ಪ್ರಾಣದ ಮಾತು. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಿಯರಿದ್ದಾರೆನ್ನಿ. “ನೀವು ಲಕ್ಷ್ಮಿಯಲ್ಲವೇ?” ಎಂದು ಅರ್ಥವಾಗದ ಭಾಷೆಯಲ್ಲಿ ಕೇಳಿದರೆ ಹಳ್ಳಿಯ ಅಜ್ಜಿ ಮರ್ಯಾದೆಗಾಗಿ ತಲೆಯಾಡಿಸುತ್ತಾಳೆ, ಯಾವ ಲಕ್ಷ್ಮಿ ಎಂಬುದು ತಿಳಿಯುವುದಿಲ್ಲ. “ನಿಮ್ಮ ಹೆಸರೇನು? ಯಾವ ಊರು? ವಯಸ್ಸೆಷ್ಟು?” ಎಂದು ಕೇಳಿ ಆಕೆಯ ಬಾಯಿಯಿಂದಲೇ ಹೇಳಿಸಿ ಕಾಗದದೊಡನೆ ತಾಳೆ ನೋಡಬೇಕು. ಈ ಮೊದಲು ಯಾವ ಮದ್ದಿನಿಂದ ಮೈಯಲ್ಲಿ ತುರಿಕೆ, ಉಬ್ಬಸ ಆಗಿತ್ತೆಂಬುದನ್ನೂ ಹಾಗೆಯೇ ಕೇಳಬೇಕು. ‘ಕೈ ಉರಿಯುತ್ತದೆ’, ‘ಚಳಿಯಾಗುತ್ತದೆ’ ಎಂಬ ಮಾತು ದಾದಿಗೆ ತಿಳಿಯದೆ ಹೋದರೆ ಎಚ್ಚರಿಕೆಯ ಮೊದಲ ಗಂಟೆ ಬಾರಿಸಿದರೂ ಕೇಳದಂತಾಗುತ್ತದೆ. ಹೆಸರು, ನೋವು, ಉರಿ, ಚಳಿ, ನಡುಕ, ತುರಿಕೆ, ಉಬ್ಬಸ, ತಲೆಸುತ್ತು ಮೊದಲಾದ ಹತ್ತು ಹನ್ನೆರಡು ಮಾತುಗಳನ್ನು ಎರಡೂ ಭಾಷೆಗಳಲ್ಲಿ ಬರೆದು ದಾದಿಯರ ಮೇಜಿನ ಮೇಲೆ ಅಂಟಿಸಲು ಖರ್ಚೇನೂ ಇಲ್ಲ. ಗಡಿಯ ಎಲ್ಲ ಆಸ್ಪತ್ರೆಗಳಲ್ಲೂ ಇದಾಗಲೆಂದು ನಾವು ಒತ್ತಾಯಿಸುತ್ತೇವೆ.

ಬೇಡದ ಬಾಟಲಿ

ಎಲ್ಲಕ್ಕಿಂತ ಸುರಕ್ಷಿತವಾದ ಡ್ರಿಪ್ ಯಾವುದು? ಅಗತ್ಯವಿಲ್ಲದಾಗ ಹಾಕದೆ ಬಿಟ್ಟ ಡ್ರಿಪ್. ಶೇಕಡಾ 5ರ ಗ್ಲೂಕೋಸ್ ಬಾಟಲಿ, 500 ಮಿಲಿಲೀಟರಿನದು, ತನ್ನೊಳಗೆ ಹಿಡಿದಿರುವುದು 25 ಗ್ರಾಂ ಸಕ್ಕರೆ. ಎಂದರೆ ಸುಮಾರು ಐದು ಚಹಾ ಚಮಚ. ‘ನಿತ್ರಾಣ’ವೆಂದು ದುಡ್ಡು ಕೊಟ್ಟು ಬಾಟಲಿ ಏರಿಸಿಕೊಳ್ಳುವವರು ಒಂದು ಲೋಟ ಬೆಲ್ಲದ ಪಾನಕದಿಂದ ಅಷ್ಟೇ ಶಕ್ತಿ ಪಡೆದಾರು, ಸೂಜಿಯ ಅಪಾಯವಿಲ್ಲದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಮುಗಿದಾಗ, ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿಯೇ ಸಾವಿರಾರು ಮಂದಿಯನ್ನು ಉಳಿಸಿದರು. ಅಲ್ಲಿ ಶೇಕಡಾ 30ರಷ್ಟಿದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಬಾಯಿಯಿಂದ ಕುಡಿಯಬಲ್ಲವನಿಗೆ ಬಾಯಿಯೇ ಸರಿಯಾದ ದಾರಿ.

ದಾದಿಯನ್ನು ಕಾಯುವವರು ಯಾರು?

ದಾದಿಯೂ ಮನುಷ್ಯಳೇ. ಬಳಸಿದ ಸೂಜಿ ಆಕೆಯ ಬೆರಳಿಗೆ ಚುಚ್ಚಿದರೆ ಕಾಮಾಲೆಯೂ ಏಡ್ಸ್ ರೋಗಾಣುವೂ ತಗಲಬಹುದು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ, ಬಳಸಿದ ಸಿರಿಂಜುಗಳ ಮರುಬಳಕೆಯಿಂದ ಬಿ ಕಾಮಾಲೆ ಹರಡಿ ಹತ್ತಾರು ಮಂದಿ ಸತ್ತುದನ್ನು ಮರೆಯಬಾರದು. ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ, ಚುಚ್ಚಿ ತೂತಾಗದ ಬಿಳಿ ಡಬ್ಬಿಗೆ ಕೂಡಲೇ ಹಾಕಬೇಕೆಂದು ನಿಯಮವಿದೆ. ಡಬ್ಬಿಯೇ ಇಲ್ಲದ ವಾರ್ಡಿನಲ್ಲಿ ನಿಯಮ ಪಾಲಿಸುವುದು ಹೇಗೆ? ಚುಚ್ಚಿಕೊಂಡರೆ ಸಾಬೂನು ನೀರಿನಿಂದ ತೊಳೆದು ತಕ್ಷಣ ತಿಳಿಸಬೇಕು. ಏಡ್ಸ್ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ತಡವಾದರೂ 72 ಗಂಟೆಗಳೊಳಗೆ ಆರಂಭಿಸಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಡುವಂತಹ ವಾತಾವರಣ ಆಸ್ಪತ್ರೆಯಲ್ಲಿರಬಾರದು. ಬಿ ಕಾಮಾಲೆಯ ಮೂರು ಚುಚ್ಚುಮದ್ದುಗಳನ್ನು ಪ್ರತಿ ದಾದಿಗೂ ಕೊಟ್ಟಿರಬೇಕು.

ರಾತ್ರಿಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ದಾದಿಯನ್ನು ಬಿಟ್ಟು, ಹನಿ ಎಣಿಸಲಿಲ್ಲ, ಬ್ಯಾಚ್ ಬರೆಯಲಿಲ್ಲ ಎಂದು ಆಕೆಯನ್ನು ದೂರುವುದು ನ್ಯಾಯವಲ್ಲ. ನೀರು, ಸಾಬೂನು, ಸ್ಪಿರಿಟ್, ಡಬ್ಬಿ, ಸಾಕಷ್ಟು ಸಿಬ್ಬಂದಿ ಇವನ್ನು ಒದಗಿಸುವುದು ಆಡಳಿತದ ಹೊಣೆ. ಬಂದ ಬಾಟಲಿಗಳನ್ನು ಸರಿಯಾಗಿ ಪರೀಕ್ಷಿಸಿ ಕಳುಹಿಸುವುದು ಸರಕಾರದ ಹೊಣೆ. ಬೇಡದ ಬಾಟಲಿಗೆ ಹಟ ಹಿಡಿಯದಿರುವುದು ನಮ್ಮ ನಿಮ್ಮ ಹೊಣೆ. ಇವರೆಲ್ಲರೂ ತಮ್ಮ ತಮ್ಮ ಪಾಲನ್ನು ಸಲ್ಲಿಸಿದರೆ ದಾದಿಯ ಕಣ್ಣಿಗೆ ಬಲ ಬಂದೀತು. ಬಾಟಲಿಯ ಬ್ಯಾಚ್ ಸಂಖ್ಯೆ ಬರೆದಿದೆಯೇ ಎಂದು ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ ವಿನಯದಿಂದ ಕೇಳಿ ನೋಡಿ. ಒಳ್ಳೆಯ ದಾದಿ ಆ ಪ್ರಶ್ನೆಗೆ ಸಿಟ್ಟಾಗಲಾರಳು.