ಧಾರವಾಡದಿಂದ ಚಳಿಗಾಲದ ಒಂದು ದಿನ

ಹಿಮ ಬೀಳುವ ದೇಶಗಳ ಪಟ್ಟಣಿಗರು ಚಳಿಗಾಲದ ರಜೆಯಂದು ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡು ಬೆಟ್ಟದ ಇಳಿಜಾರಿನಲ್ಲಿ ಜಾರಿ, ಸಂಜೆಗೆ ಮನೆ ಸೇರುವರು. ಧಾರವಾಡದವರಿಗೆ ಆ ಹಿಮವಿಲ್ಲ. ಆದರೆ ಪುಷ್ಯಮಾಸದಲ್ಲಿ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳವು ತೆನೆದೂಗಿ ನಿಂತಿರುವುದು. ಒಂದು ದಿನದ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಕಾಲವನ್ನು ನಾನರಿಯೆ.

ನಸುಕಿನಲ್ಲಿ ಹೊರಟು, ಸುಮಾರು 30 ಕಿಲೋಮೀಟರು ದೂರದ ಕಿತ್ತೂರನ್ನು ಮೊದಲು ನೋಡಬೇಕು. 1824ರ ಅಕ್ಟೋಬರಿನಲ್ಲಿ ರಾಣಿ ಚೆನ್ನಮ್ಮನ ಪಡೆಯೆದುರು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಮಡಿದುದು ಇಲ್ಲಿಯೇ. ಡಿಸೆಂಬರಿನಲ್ಲಿ, ಇಂತಹುದೇ ಚಳಿಯಲ್ಲಿ, ಕೋಟೆಯು ಇಂಗ್ಲಿಷರ ವಶವಾಯಿತು. ಪಾಳುಬಿದ್ದ ಅರಮನೆಯ ಗೋಡೆಗಳನ್ನು ಕಂಡೊಡನೆ ಹಿಂದಿರುಗುವವರೇ ಹೆಚ್ಚು. ಅವರು ನೋಡಿದುದು ಅರ್ಧ ಕಥೆಯನ್ನು ಮಾತ್ರ. ಸೆರೆಯಾದ ರಾಣಿಯು 1829ರ ಫೆಬ್ರವರಿಯಲ್ಲಿ ಕಣ್ಮುಚ್ಚಿದುದು ಉತ್ತರದ ಬೈಲಹೊಂಗಲದಲ್ಲಿ. ಆಕೆಯ ಸಮಾಧಿಯೂ ಅಲ್ಲಿಯೇ ಇದೆ. ಆ ದಾರಿಯನ್ನು ಹಿಡಿಯದೆ ಕಿತ್ತೂರನ್ನು ಕಂಡೆವೆನ್ನುವುದು ಸರಿಯಲ್ಲ. ನಡುವೆ ಹೊಲದವರು ಸುಟ್ಟ ಸೀತನಿಯನ್ನು ಕೊಟ್ಟರೆ ಒಲ್ಲೆನ್ನಬೇಡಿ!

ಅಲ್ಲಿಂದ ಪೂರ್ವಕ್ಕೆ ನವಿಲುತೀರ್ಥ. ಮಲಪ್ರಭೆಯು ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಹಾಯುವ ಈ ಎಡೆಗೆ 1970ರ ದಶಕದಲ್ಲಿ ಅಣೆಕಟ್ಟು ಬಂದಿತು. ಅದರ ಜಲಾಶಯವೇ ರೇಣುಕಾಸಾಗರ. ಇಳಿಬಿಸಿಲಿಗೆ ಇಲ್ಲಿರುವಂತೆ ಹೊತ್ತನ್ನು ಹೊಂದಿಸಿಕೊಳ್ಳಿರಿ.

ಸಮೀಪದ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ನೋಡುವ ಬಯಕೆಯಿದ್ದರೆ ಪಂಚಾಂಗವನ್ನು ನೋಡಿ ಹೊರಡುವುದು ಲೇಸು. ಬನದ ಹುಣ್ಣಿಮೆಯಂದು ಜನಸಾಗರದಲ್ಲಿ ದಾರಿಯೇ ಕಾಣದು. ನದಿಯ ಕೆಳದಂಡೆಯ ರಾಮದುರ್ಗವನ್ನು ಇನ್ನೊಂದು ದಿನಕ್ಕಿರಿಸಿ. ಹೊತ್ತು ಬೇಗ ಮುಳುಗುವುದು. ಹಿಂದಿರುಗುವಾಗ ಮಕ್ಕಳಿಗೆ ಹೊದೆಯಲು ಕಂಬಳಿಯಿರಲಿ.