ನೂರು ಡಾಲರಿನಲ್ಲಿ ದ್ವೀಪಕ್ಕೆ ಉಳಿಯುವುದೆಷ್ಟು?

ಚೌಕಾಬಾರಾ ಆಡಲು ನಮ್ಮ ಮನೆಗಳಲ್ಲಿ ಇಟ್ಟುಕೊಳ್ಳುವ ಕವಡೆ ಒಂದು ಕಾಲಕ್ಕೆ ಹಣವಾಗಿ ಚಲಾವಣೆಯಲ್ಲಿತ್ತು. ಆ ಕವಡೆಯ ದೊಡ್ಡ ಪಾಲು ಬರುತ್ತಿದ್ದುದು ಮಾಲ್ಡೀವ್ಸ್‌ನಿಂದ. 14ನೇ ಶತಮಾನದಲ್ಲಿ ಅಲ್ಲಿ ಖಾಜಿಯಾಗಿದ್ದ ಇಬ್ನ್ ಬತೂತಾ, ದ್ವೀಪದವರು ಸಮುದ್ರದಲ್ಲಿ ಕವಡೆ ಹೆಕ್ಕಿ ಬಂಗಾಳದವರಿಗೆ ಕೊಟ್ಟು ಅಕ್ಕಿ ಪಡೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಲ್ಲಿಂದ ಇಲ್ಲಿಯವರೆಗೆ ಆ ದೇಶದ ಬದುಕಿನ ಲೆಕ್ಕ ಹೆಚ್ಚು ಬದಲಾಗಿಲ್ಲ. ಸಮುದ್ರ ಕೊಟ್ಟದ್ದನ್ನು ಮಾರಬೇಕು, ಧಾನ್ಯ ಕೊಳ್ಳಬೇಕು. ಕವಡೆ ಹೋಗಿ ತೆಂಗಿನ ನಾರು ಬಂತು, ಒಣಗಿಸಿದ ಟ್ಯೂನಾ ಮೀನು ಬಂತು. ಈಗ ಮಾರಾಟಕ್ಕಿರುವುದು ಸಮುದ್ರದ ಬಣ್ಣ.

ಬಣ್ಣದ ಈ ಮಾರಾಟ, ಅಂದರೆ ಪ್ರವಾಸೋದ್ಯಮ, ಶುರುವಾದದ್ದು 1972ರಲ್ಲಿ. ಅದಕ್ಕೂ ಮುಂಚೆ ಬಂದಿದ್ದ ವಿಶ್ವಸಂಸ್ಥೆಯ ತಂಡವೊಂದು, ಈ ದ್ವೀಪಗಳು ಪ್ರವಾಸೋದ್ಯಮಕ್ಕೆ ತಕ್ಕವಲ್ಲ ಎಂದು ಹೇಳಿ ಹೋಗಿತ್ತು. ಬ್ಯಾಂಕಿಲ್ಲ, ಸರಿಯಾದ ವಿಮಾನ ನಿಲ್ದಾಣವಿಲ್ಲ, ಹೊರದೇಶಕ್ಕೆ ಮಾತಾಡಲು ಫೋನಿನ ಅನುಕೂಲವಿಲ್ಲ. ಆದರೂ ರಾಜಧಾನಿ ಮಾಲೆಯ ಹತ್ತಿರದ ಜನವಸತಿಯಿಲ್ಲದ ದ್ವೀಪವೊಂದರಲ್ಲಿ ಕುರುಂಬಾ ಎಂಬ ರೆಸಾರ್ಟ್ ತೆರೆಯಿತು. ಅದೇ ಹೊತ್ತಿಗೆ ಶ್ರೀಲಂಕಾ ವಿದೇಶಿ ವಿನಿಮಯದ ಕೊರತೆಯಿಂದ ಒಣಮೀನಿನ ಆಮದನ್ನು ಬಿಗಿಗೊಳಿಸಿತು. ದ್ವೀಪದವರ ಮುಖ್ಯ ಮಾರುಕಟ್ಟೆಯೇ ಕೈತಪ್ಪಿತು. 1976ರಲ್ಲಿ ಬ್ರಿಟಿಷರು ಗಾನ್ ದ್ವೀಪದ ವಾಯುನೆಲೆ ಬಿಟ್ಟು ಹೊರಟಾಗ ಅಲ್ಲಿನ ಸಂಬಳವೂ ನಿಂತಿತು. ಹೀಗೆ ಬೇರೆ ದಾರಿಗಳು ಮುಚ್ಚುತ್ತಿದ್ದ ಕಾಲದಲ್ಲಿ ಪ್ರವಾಸಿಗರು ಬರತೊಡಗಿದರು. ಮೊದಲ ವರ್ಷ ಬಂದವರು ಸಾವಿರದಷ್ಟು. 2024ರಲ್ಲಿ ಆ ಸಂಖ್ಯೆ 20 ಲಕ್ಷ ದಾಟಿತು. ದೇಶದ ಜನಸಂಖ್ಯೆ ಐದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು, ಅದೂ ಹೊರದೇಶದ ಕಾರ್ಮಿಕರನ್ನು ಸೇರಿಸಿಕೊಂಡು.

ಪ್ರವಾಸಿಗರು ತಂದ ಹಣ ಮಾಡಿದ ಒಳ್ಳೆಯದನ್ನು ಕಡೆಗಣಿಸುವಂತಿಲ್ಲ. 1970ರ ದಶಕದಲ್ಲಿ ಜಗತ್ತಿನ ಕಡುಬಡ ದೇಶಗಳ ಸಾಲಿನಲ್ಲಿದ್ದ ಮಾಲ್ಡೀವ್ಸ್ 2011ರಲ್ಲಿ ವಿಶ್ವಸಂಸ್ಥೆಯ ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬಂತು. ಶಾಲೆ, ಆಸ್ಪತ್ರೆ, ದೋಣಿ ಸಂಚಾರ ಎಲ್ಲಕ್ಕೂ ಪ್ರವಾಸಿಯ ಡಾಲರೇ ಆಧಾರ. ಹಾಗಿದ್ದರೂ ಬಂದವರ ತಲೆ ಎಣಿಸಿ ಲಾಭ ಅಳೆಯುವುದು ತಪ್ಪು ಎಂದೇ ನನ್ನ ತಿಳಿವಳಿಕೆ.

ಪ್ರವಾಸಿ ಕೊಟ್ಟ ನೂರು ಡಾಲರಿನ ಹಿಂದೆ ಹೋಗಿ ನೋಡೋಣ. ರೆಸಾರ್ಟಿನ ತಟ್ಟೆಯಲ್ಲಿ ಮೀನೊಂದು ಸ್ಥಳೀಯವಾಗಿರಬಹುದು. ಉಳಿದ ಹೆಚ್ಚಿನದು ಹಡಗಿನಲ್ಲೋ ವಿಮಾನದಲ್ಲೋ ಬಂದದ್ದು. ಈರುಳ್ಳಿ, ಆಲೂಗಡ್ಡೆ, ಮೊಟ್ಟೆ, ಅಕ್ಕಿ, ಸಕ್ಕರೆಯನ್ನು ಭಾರತ ವಿಶೇಷ ಕೋಟಾದಡಿ ಕಳಿಸುತ್ತದೆ. ಕಟ್ಟಡದ ನದಿಮರಳು, ಜಲ್ಲಿಯೂ ಅದೇ ಕೋಟಾದಲ್ಲಿ ಹೋಗುತ್ತವೆ, ಏಕೆಂದರೆ ಹವಳದ ದ್ವೀಪದಲ್ಲಿ ನದಿಯೂ ಇಲ್ಲ, ಕಲ್ಲುಬಂಡೆಯೂ ಇಲ್ಲ. ಕುಡಿಯುವ ನೀರನ್ನು ಸಮುದ್ರದ ನೀರಿನಿಂದ ಉಪ್ಪು ತೆಗೆದು ಮಾಡಬೇಕು, ಆ ಯಂತ್ರಕ್ಕೆ ಡೀಸೆಲ್ ಬೇಕು, ಡೀಸೆಲ್ ಹೊರಗಿನದು. ಕೊಠಡಿ ಗುಡಿಸುವವರು, ಅಡುಗೆಯವರಲ್ಲಿ ಬಹಳ ಮಂದಿ ಬಾಂಗ್ಲಾದೇಶ, ಭಾರತ, ಶ್ರೀಲಂಕಾದವರು. ಅವರ ಸಂಬಳ ಊರಿಗೆ ಹೋಗುತ್ತದೆ. ರೆಸಾರ್ಟ್ ವಿದೇಶಿ ಕಂಪನಿಯದಾದರೆ ಲಾಭವೂ ಹೊರಗೆ.

ಅರ್ಥಶಾಸ್ತ್ರಜ್ಞರು ಇದನ್ನು ಸೋರಿಕೆ ಎನ್ನುತ್ತಾರೆ. ಸೋರಿಕೆಯ ಪರಿಣಾಮ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಲೆಕ್ಕಕ್ಕಾಗಿ, ನೂರು ಡಾಲರಿನಲ್ಲಿ 30 ದೇಶದೊಳಗೆ ಉಳಿಯಿತು ಎಂದುಕೊಳ್ಳೋಣ. ಆ 30ನ್ನು ಪಡೆದವರು ಖರ್ಚು ಮಾಡಿದಾಗ ಮತ್ತೆ ಶೇ 30ರಷ್ಟೇ, ಅಂದರೆ 9 ಡಾಲರ್ ಉಳಿಯುತ್ತದೆ. ಮುಂದಿನ ಸುತ್ತಿನಲ್ಲಿ 2.70. ಹೀಗೆ ಎಲ್ಲ ಸುತ್ತುಗಳನ್ನು ಕೂಡಿದರೆ ಸುಮಾರು 43 ಡಾಲರಿನ ಆದಾಯ. ಉಳಿಯುವ ಪಾಲು 30ರ ಬದಲು 60 ಆಯಿತೆನ್ನಿ, ಒಟ್ಟು ಆದಾಯ 150 ಡಾಲರ್. ಉಳಿಯುವ ಪಾಲು ಎರಡರಷ್ಟಾದರೆ ಫಲ ಮೂರೂವರೆಪಟ್ಟು! ಪ್ರವಾಸಿಗರ ಸಂಖ್ಯೆಯನ್ನು ಎರಡರಷ್ಟು ಮಾಡಿದರೂ ಈ ಫಲ ಸಿಗದು. ಸಣ್ಣ ದೇಶಕ್ಕೆ ಈ ಗಣಿತ ಕಠಿಣ, ಏಕೆಂದರೆ ಹೊಲ, ಕಾರ್ಖಾನೆ, ಗಣಿಗಳಿಲ್ಲದ ಕಡೆ ಹಣಕ್ಕೆ ಸುತ್ತಾಡಲು ಜಾಗವೇ ಕಡಿಮೆ.

ಹಾಗಾಗಿ ಸರ್ಕಾರ ಹಣ ಹೊರಹೋಗುವ ಮೊದಲೇ ತನ್ನ ಪಾಲು ಹಿಡಿಯಲು ನೋಡುತ್ತದೆ. ದ್ವೀಪಗಳನ್ನು ಮಾರುವುದಿಲ್ಲ, ಗುತ್ತಿಗೆಗೆ ಕೊಟ್ಟು ಬಾಡಿಗೆ ಪಡೆಯುತ್ತದೆ. ಪ್ರವಾಸೋದ್ಯಮದ ಮೇಲಿನ ಜಿಎಸ್‌ಟಿ 2011ರಲ್ಲಿ ಶೇ 3.5 ಇದ್ದದ್ದು 2025ರ ಜುಲೈನಲ್ಲಿ ಶೇ 17ಕ್ಕೆ ಏರಿತು. ರೆಸಾರ್ಟಿನ ಅತಿಥಿ ರಾತ್ರಿಗೆ ಕೊಡುವ ಹಸಿರು ತೆರಿಗೆ 6 ಡಾಲರಿನಿಂದ 12 ಆಯಿತು. 2024ರಲ್ಲಿ ವಿದೇಶಿ ವಿನಿಮಯ ಕರಗಿ ಸಾಲದ ಕಂತಿಗೇ ತೊಡಕಾದಾಗ, ರೆಸಾರ್ಟುಗಳು ಗಳಿಸಿದ ಡಾಲರಿನ ಒಂದು ಭಾಗವನ್ನು ದೇಶದ ಬ್ಯಾಂಕುಗಳಲ್ಲಿ ಬದಲಾಯಿಸಲೇಬೇಕೆಂಬ ನಿಯಮ ಬಂತು. ಲಕ್ಷಾಂತರ ಶ್ರೀಮಂತ ಅತಿಥಿಗಳು ಬಂದು ಹೋಗುವ ದೇಶದಲ್ಲಿ ಡಾಲರಿಗೆ ಬರ ಬಂದದ್ದೇ ಸೋರಿಕೆಯ ಸಾಕ್ಷಿ.

ಒಂದೇ ಕಸುಬನ್ನು ನೆಚ್ಚಿದ್ದರ ಅಪಾಯ ಎರಡು ಸಲ ಕಂಡಿದೆ. ಹಿಂದುಳಿದ ದೇಶಗಳ ಪಟ್ಟಿಯಿಂದ ಮಾಲ್ಡೀವ್ಸ್ ಅನ್ನು ಹೊರತರುವ ನಿರ್ಣಯಕ್ಕೆ ವಿಶ್ವಸಂಸ್ಥೆ ಒಪ್ಪಿಗೆ ಕೊಟ್ಟದ್ದು 2004ರ ಡಿಸೆಂಬರ್ 20ರಂದು. ಆರು ದಿನಕ್ಕೆ ಸುನಾಮಿ ಬಂತು. ನಷ್ಟ ಜಿಡಿಪಿಯ ಶೇ 62ರಷ್ಟು, ಪಟ್ಟಿಯಿಂದ ಹೊರಬರುವುದು 2011ಕ್ಕೆ ಹೋಯಿತು. ಕೋವಿಡ್ ಬಂದ 2020ರಲ್ಲಿ ಪ್ರವಾಸಿಗರು 17 ಲಕ್ಷದಿಂದ ಐದೂವರೆ ಲಕ್ಷಕ್ಕಿಳಿದರು, ಜಿಡಿಪಿ ಮೂರನೇ ಒಂದರಷ್ಟು ಕುಸಿಯಿತು. ಚೇತರಿಕೆಯೂ ಬೇಗ ಆಯಿತು. ಏಕೆಂದರೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಪದ್ಧತಿಯಿಂದ ಅತಿಥಿಗಳು ತಾವಾಗಿಯೇ ದೂರದೂರ ಇದ್ದರು. ರಾಜಕೀಯವೂ ಏಟು ಕೊಡಬಲ್ಲದು. 2023ರಲ್ಲಿ ಎರಡು ಲಕ್ಷ ದಾಟಿ ಮೊದಲ ಸ್ಥಾನದಲ್ಲಿದ್ದ ಭಾರತೀಯರು, 2024ರ ಆರಂಭದಲ್ಲಿ ಎರಡು ದೇಶಗಳ ನಡುವೆ ಎದ್ದ ಜಗಳದ ನಂತರ 1.3 ಲಕ್ಷದ ಆಸುಪಾಸಿಗೆ ಇಳಿದರು.

ಇಷ್ಟೆಲ್ಲದರ ಅಡಿಗಿರುವ ಬಂಡವಾಳ ಹವಳ. ದ್ವೀಪ ಇರುವುದೇ ಅದರಿಂದ. ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲಿನಿಂದ ಸತ್ತ ಹವಳವನ್ನು ಕೆರೆದು, ಅದರ ಮೇಲಿನ ಪಾಚಿ ತಿಂದು, ಸುಣ್ಣವನ್ನು ನುಣ್ಣನೆಯ ಮರಳಾಗಿ ಹೊರಹಾಕುತ್ತದೆ. ವಕ್ಕರು ದ್ವೀಪದ ಸುತ್ತ ನಡೆದ ಅಧ್ಯಯನದಲ್ಲಿ ಹೊಸ ಮರಳಿನ ಬಹುದೊಡ್ಡ ಪಾಲು ಈ ಮೀನಿನದೇ ಎಂದು ತಿಳಿಯಿತು. ಪ್ರವಾಸಿ ಕಾಲು ಚಾಚಿ ಮಲಗುವ ಬಿಳಿ ಮರಳು ಹೀಗೆ ತಯಾರಾಗುತ್ತದೆ. ಅಲೆಯ ರಭಸವನ್ನು ದಡದಾಚೆಯೇ ಮುರಿಯುವುದೂ ಹವಳದ ದಿಬ್ಬವೇ. ದೇಶದ ನೆಲದಲ್ಲಿ ಶೇ 80ಕ್ಕೂ ಹೆಚ್ಚು ಭಾಗ ಸಮುದ್ರಮಟ್ಟದಿಂದ ಒಂದು ಮೀಟರಿಗಿಂತ ಎತ್ತರವಿಲ್ಲ.

ಆ ಹವಳಕ್ಕೆ ಅನ್ನ ಕೊಡುವುದು ಅದರ ಮೈಯೊಳಗಿನ ಸೂಕ್ಷ್ಮ ಪಾಚಿ. ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಹಲವು ವಾರ ಉಳಿದರೆ ಸಾಕು, ಹವಳ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ಬಿಸಿ ತಗ್ಗದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ ಹಲವು ಕಡೆ ಆಳವಿಲ್ಲದ ನೀರಿನ ಹವಳದಲ್ಲಿ ಶೇ 90ಕ್ಕೂ ಹೆಚ್ಚು ಸತ್ತಿತು. ಚೇತರಿಸಿಕೊಳ್ಳಲು ಹದಿನೈದು ವರ್ಷ ಹಿಡಿಯಿತು. 2016ರಲ್ಲಿ ಮತ್ತೆ ಬಿಸಿ ಬಂದು, ಸಮೀಕ್ಷೆ ಮಾಡಿದ ಹವಳದಲ್ಲಿ ಸುಮಾರು ಶೇ 60 ಬಿಳಿಚಿತ್ತು. ಇದರ ಮೇಲೆ, ಲಗೂನಿನ, ಅಂದರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಿನ, ಮರಳನ್ನು ಯಂತ್ರದಿಂದ ಹೀರಿ ಹೊಸ ನೆಲ ಮಾಡುವಾಗ ಏಳುವ ಕೆಸರು ಅಳಿದುಳಿದ ಹವಳವನ್ನೂ ಉಸಿರುಗಟ್ಟಿಸುತ್ತದೆ. ಆ ಕಾಮಗಾರಿಯ ವೆಚ್ಚ ಜಿಡಿಪಿಗೆ ಕೂಡುತ್ತದೆ, ಸತ್ತ ಹವಳ ಎಲ್ಲೂ ಕಳೆಯುವುದಿಲ್ಲ. ಲೆಕ್ಕಪತ್ರದ ಈ ದೋಷ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಸರಿಯಾಗಿ ಲೆಕ್ಕ ಹಾಕಿದ ಉದಾಹರಣೆಯೂ ಅಲ್ಲಿಯದೇ ಇದೆ. ಬೂದು ಹವಳ ಶಾರ್ಕ್ ಒಂದು ಸತ್ತರೆ ಮೀನುಗಾರನಿಗೆ 32 ಡಾಲರ್. ಬದುಕಿದ್ದರೆ ಅದನ್ನು ನೋಡಲು ಡೈವಿಂಗ್ ಮಾಡುವ ಪ್ರವಾಸಿಗರಿಂದ ವರ್ಷಕ್ಕೆ ಸರಾಸರಿ 3,300 ಡಾಲರ್ ಎಂದು 1990ರ ದಶಕದ ಆರಂಭದಲ್ಲೇ ಸಂಶೋಧಕರು ತೋರಿಸಿಕೊಟ್ಟಿದ್ದರು. 2010ರಲ್ಲಿ ಶಾರ್ಕ್ ಬೇಟೆಯನ್ನು ದೇಶದುದ್ದಕ್ಕೂ ನಿಷೇಧಿಸಲಾಯಿತು.

ಅದೇ ಹೊತ್ತಿಗೆ ಊರವರು ವಾಸಿಸುವ ದ್ವೀಪಗಳಲ್ಲಿ ಗೆಸ್ಟ್‌ಹೌಸ್ ನಡೆಸಲು ಅನುಮತಿ ಸಿಕ್ಕಿತು. ಅದಕ್ಕೂ ಮೊದಲು ಪ್ರವಾಸಿ ಒಂದು ದ್ವೀಪದಲ್ಲಿ, ಊರವರು ಇನ್ನೊಂದರಲ್ಲಿ. ಸೆರೆಮನೆಗೆ ಹೆಸರಾಗಿದ್ದ ಮಾಫುಶಿ ಈಗ ಗೆಸ್ಟ್‌ಹೌಸ್‌ಗಳ ಊರು. ಅಲ್ಲಿ ಕೋಣೆ ಬಾಡಿಗೆ ಮನೆಯವರಿಗೆ, ದೋಣಿಯ ಹಣ ಪಕ್ಕದ ಬೀದಿಯವನಿಗೆ ಹೋಗುತ್ತದೆ. ಕಸ, ನೀರು, ಜನಸಂದಣಿಯ ತೊಂದರೆ ಅಲ್ಲೂ ಇದೆ, ಆದರೂ ಹಣ ಇನ್ನೊಂದು ಸುತ್ತು ಊರೊಳಗೇ ತಿರುಗುತ್ತದೆ. ನಮ್ಮಲ್ಲಿಂದ ಹೋಗುವವರು ಒಂದೆರಡು ರಾತ್ರಿಯನ್ನಾದರೂ ಇಂಥ ಊರಲ್ಲಿ ಕಳೆಯಲಿ. ಮಾಲ್ಡೀವ್ಸ್ ಸರ್ಕಾರ ಬಂದವರ ಸಂಖ್ಯೆಯನ್ನು ತಪ್ಪದೆ ಪ್ರಕಟಿಸುತ್ತದೆ. ಅದರ ಪಕ್ಕದಲ್ಲೇ ದೇಶದಲ್ಲಿ ಉಳಿದ ಡಾಲರೆಷ್ಟು, ಬದುಕಿರುವ ಹವಳವೆಷ್ಟು ಎಂಬ ಎರಡು ಅಂಕಿಗಳನ್ನೂ ಪ್ರಕಟಿಸಬೇಕು.