ಗುಂಡೇಟಿಗೆ ಗುರುತುಂಟು, ವಿಷದ ಹೊಗೆಗೆ ಯಾರು ಸಾಕ್ಷಿ?

ಮುದ್ದೇನಹಳ್ಳಿ ಅಂದರೆ ಸರ್ ಎಂ.ವಿ. ಹುಟ್ಟಿದ ಊರು. ಅವರ ಹೆಸರು ಬಂದರೆ ಲೆಕ್ಕ ಪತ್ರ ಪಕ್ಕಾ ಇರಬೇಕು ಅನ್ನೋ ಮಾತೂ ಬರುತ್ತೆ. ಈ ಊರಿನ ಬಸ್ಸಿಗೆ ಕಾಯುವ ಮಾಜಿ ಸೈನಿಕರು ಕೇಳಬೇಕಾದ ಲೆಕ್ಕವೂ ಒಂದಿದೆ.

ಕಾಲಿಗೆ ಗುಂಡು ಬಿದ್ದರೆ ಗುರುತು ಕಾಣುತ್ತೆ. ಆದರೆ ವರ್ಷಗಟ್ಟಲೆ ಡೀಸೆಲ್ ಹೊಗೆ, ಪೇಂಟಿನ ತಿನ್ನರ್, ಬ್ಯಾಟರಿ ಆಸಿಡ್ ಮಧ್ಯೆ ದುಡಿದು ಉಸಿರು ಕೆಟ್ಟವನ ಗತಿ ಏನು? "ಇದು ನಿನ್ನ ಮೈಯ ರೋಗ, ಮಿಲಿಟರಿಗೂ ಇದಕ್ಕೂ ಸಂಬಂಧವಿಲ್ಲ" ಎಂದು ಬರೆದುಬಿಟ್ಟರೆ ಮುಗೀತಾ?

ಮುಗಿಯೋದಿಲ್ಲ ಸ್ವಾಮಿ! ಧರ್ಮವೀರ್ ಸಿಂಗ್ ಎಂಬ ಸಿಪಾಯಿ 1985ರಲ್ಲಿ ಸಿಗ್ನಲ್ಸ್ ದಳ ಸೇರಿದರು. 1994ರಲ್ಲಿ ಮೂರ್ಛೆ ರೋಗದ ಕಾರಣ ಶೇ. 20 ಅಂಗವಿಕಲತೆ ಎಂದು ಮನೆಗೆ ಕಳಿಸಿದರು, ಅಂಗವಿಕಲತೆಯ ಪಿಂಚಣಿ ಮಾತ್ರ ಇಲ್ಲ ಅಂದರು. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಸಿಪಾಯಿಯ ಪರ ನಿಂತಿತು. ಸೇರುವಾಗ ರೋಗ ಇದೆಯೆಂದು ದಾಖಲೆಯಲ್ಲಿ ಬರೆಯದಿದ್ದರೆ ಆತ ಆರೋಗ್ಯವಂತನೆಂದೇ ಲೆಕ್ಕ. ರೋಗಕ್ಕೆ ಸೇವೆ ಕಾರಣವಲ್ಲ ಎಂದು ತೋರಿಸುವ ಹೊಣೆ ಸರ್ಕಾರದ್ದು. ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ.

ಅಮೆರಿಕದಲ್ಲೂ ಗುದ್ದಾಟ ಇದೇ ಮಾತಿಗೆ. 1962ರಿಂದ 1971ರವರೆಗೆ ವಿಯೆಟ್ನಾಂ ಕಾಡಿನ ಮೇಲೆ ಕಳೆನಾಶಕ ಸುರಿದರು. ಅಲ್ಲಿದ್ದ ತಮ್ಮ ಸೈನಿಕರಿಗೆ ಕೆಲವು ರೋಗ ಬಂದರೆ ಸೇವೆಯಿಂದಲೇ ಬಂದದ್ದೆಂದು ಒಪ್ಪುವ ಕಾನೂನು ಆದದ್ದು 1991ರಲ್ಲಿ. ಕಸ ಸುಡುವ ಗುಂಡಿಗಳ ಹೊಗೆ ಕುಡಿದವರಿಗೆ 2022ರಲ್ಲಿ ಅಂಥದೇ ಕಾನೂನು ಬಂತು.

ನಮ್ಮಲ್ಲಿ ಸಾಮಾನ್ಯವಾಗಿ ಅಂಗವಿಕಲತೆ ಶೇ. 20 ಮುಟ್ಟಬೇಕು, ಸೇವೆಯಿಂದ ಬಂದಿರಬೇಕು ಇಲ್ಲವೇ ಸೇವೆಯಿಂದ ಹೆಚ್ಚಿರಬೇಕು. ಶೇ. 50ಕ್ಕಿಂತ ಕಡಿಮೆ ಇದ್ದರೆ 50 ಎಂದು ಲೆಕ್ಕ ಹಿಡಿಯುವ ಅನುಕೂಲವನ್ನು, ಅವಧಿ ಮುಗಿಸಿ ನಿವೃತ್ತರಾದವರಿಗೂ ಸುಪ್ರೀಂ ಕೋರ್ಟು 2014ರಲ್ಲಿ ಕೊಟ್ಟಿತು. ಆದರೆ 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿದೆ. ಆಮೇಲೆ ನಿವೃತ್ತರಾದವರು ಅದನ್ನೇ ಓದಿಕೊಂಡು ಅರ್ಜಿ ಹಾಕಬೇಕು.

ತಕರಾರಿದ್ದರೆ ಮೊದಲು ಮೇಲ್ಮನವಿ, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಸೇರಿರೋದು ಕೊಚ್ಚಿ ಪೀಠಕ್ಕೆ! ಉಸಿರು ಕಟ್ಟುವ ಮನುಷ್ಯ ನಂದಿ ಬೆಟ್ಟದ ತಪ್ಪಲಿಂದ ಕೇರಳದ ಕಡಲ ತೀರದವರೆಗೆ ಫೈಲು ಹಿಡಿದು ಹೋಗಬೇಕೇ ಅನ್ನೋದು ನ್ಯಾಯವಾದ ಪ್ರಶ್ನೆ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ ಕೆಲಸ ಒಂದಿದೆ. ಡಿಸ್ಚಾರ್ಜ್ ಬುಕ್ಕು, ಮೆಡಿಕಲ್ ಬೋರ್ಡಿನ ಕಾಗದ, ಆಸ್ಪತ್ರೆ ಚೀಟಿ ಎಲ್ಲಾ ಟ್ರಂಕಿನಲ್ಲಿ ಭದ್ರವಾಗಿರಲಿ. ಯಾವ ಡಿಪೋ, ಯಾವ ವರ್ಕ್‌ಶಾಪು, ಎಷ್ಟು ವರ್ಷ ಅನ್ನೋದನ್ನೂ ಬರೆದಿಡಲಿ. ಹಳೇ ಪೇಪರ್ ಅಂಗಡಿಯವರೂ ತೂಕಕ್ಕೆ ಬಂದ ಕಟ್ಟಿನಲ್ಲಿ ಮಿಲಿಟರಿ ಮೊಹರು ಕಂಡರೆ ವಾಪಸ್ ಕಳಿಸಲಿ. ಗಾಳಿಗೆ ಹೋದ ಹೊಗೆ ಕೋರ್ಟಿಗೆ ಬಂದು ಸಾಕ್ಷಿ ಹೇಳೋದಿಲ್ಲ, ಕಾಗದ ಹೇಳುತ್ತೆ.